ಕೆಳಗಿನ ಬಲಮೂಲೆಯ ಸಂಖ್ಯೆ: ನಕ್ಷೆಯ ಪ್ರೊಜೆಕ್ಷನ್ ಕಲಿತ ಬಗೆ

ಕ್ಯೂಜಿಐಎಸ್ ಎಂಬ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ತೆರೆದರೆ ಪರದೆಯ ಕೆಳಗೆ, ಬಲಮೂಲೆಯಲ್ಲಿ ಒಂದು ಪುಟ್ಟ ಗುಂಡಿ ಕಾಣುತ್ತದೆ. ಅದರ ಮೇಲೆ ‘ಇಪಿಎಸ್‌ಜಿ:4326’ ಅಂತಲೋ ‘ಇಪಿಎಸ್‌ಜಿ:3857’ ಅಂತಲೋ ಬರೆದಿರುತ್ತದೆ. ನಕ್ಷೆಯ ಸಂಖ್ಯೆಗಳನ್ನು ಯಾವ ಪದ್ಧತಿಯಲ್ಲಿ ಓದಬೇಕು ಅಂತ ಹೇಳುವ ಸಂಕೇತ ಅದು. ಮೊದಲನೆಯದು ಡಿಗ್ರಿಯ ಅಕ್ಷಾಂಶ, ರೇಖಾಂಶದ್ದು, ಎರಡನೆಯದು ಇಂಟರ್ನೆಟ್ ನಕ್ಷೆಗಳದ್ದು. ನಕ್ಷೆ ಬಿಡಿಸುವ ಕೆಲಸ ಕೈಗೆ ಬಂದ ಮೇಲೂ ಬಹಳ ಕಾಲ ನಾನು ಅದನ್ನು ಮುಟ್ಟಿರಲಿಲ್ಲ. ಮುಟ್ಟುವ ಅಗತ್ಯವೇ ಬಿದ್ದಿರಲಿಲ್ಲ. ಯಾವ ಲೇಯರ್ (ನಕ್ಷೆಯ ಒಂದು ಪದರ) ಹಾಕಿದರೂ ಅದು ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ಸಾಫ್ಟ್‌ವೇರ್ ಒಳಗೊಳಗೇ ಏನೋ ಲೆಕ್ಕ ಹಾಕಿಕೊಂಡು ಎಲ್ಲವನ್ನೂ ಹೊಂದಿಸುತ್ತಿತ್ತು.

ಅಗತ್ಯ ಬಿದ್ದದ್ದು ಒಂದು ಎಕ್ಸೆಲ್ ಶೀಟ್ ಬಂದಾಗ. ಅದರಲ್ಲಿ ಎರಡು ಕಾಲಂ. ಒಂದರಲ್ಲಿ ಆರಂಕಿಯ ಸಂಖ್ಯೆಗಳು, ಇನ್ನೊಂದರಲ್ಲಿ ಏಳಂಕಿಯವು. ಇವು ಯಾವ ಪದ್ಧತಿಯವು ಅಂತ ಕೇಳಿದರೆ, ‘ಎಕ್ಸ್, ವೈ ಎರಡೂ ಕೊಟ್ಟಿದ್ದೀನಲ್ಲ ಸರ್, ಇನ್ನೇನು ಬೇಕು?’ ಎಂಬ ಉತ್ತರ ಬಂತು. ಇನ್ನೂ ಏನೋ ಬೇಕು ಅಂತ ನನಗೆ ಗೊತ್ತಿತ್ತು. ಅದು ಏನು ಅಂತ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಸರಿ, ಇದನ್ನು ಬುಡದಿಂದ ಕಲಿಯೋಣ ಅಂತ ಕೂತೆ.

ಎಲ್ಲರಂತೆ ಜಗತ್ತಿನ ನಕ್ಷೆಯಿಂದಲೇ ಶುರು ಮಾಡಿದೆ. ಕ್ಯೂಜಿಐಎಸ್‌ನಲ್ಲಿ ಒಂದು ಸಣ್ಣ ಗುಟ್ಟಿದೆ. ಕೆಳಗಿನ ಕೋಆರ್ಡಿನೇಟ್ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ‘ವರ್ಲ್ಡ್’ ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ದೇಶಗಳ ಲೇಯರ್ ತಾನಾಗಿಯೇ ಬರುತ್ತದೆ. ಆಮೇಲೆ ಬಲಮೂಲೆಯ ಗುಂಡಿ ಒತ್ತಿ ಪ್ರಾಜೆಕ್ಟಿನ ಸಿಆರ್‌ಎಸ್, ಅಂದರೆ ಸ್ಥಾನಸಂಖ್ಯೆಗಳ ಪದ್ಧತಿ, ಬದಲಿಸುತ್ತಾ ಹೋದೆ. ಗೋಳವನ್ನು ಸಪಾಟು ಹಾಳೆಗೆ ಇಳಿಸುವ ವಿಧಾನಕ್ಕೆ ಪ್ರೊಜೆಕ್ಷನ್ ಅನ್ನುತ್ತಾರೆ. ಮರ್ಕೇಟರ್, ಮೋಲ್‌ವೈಡೆ ಇವೆಲ್ಲ ಅದರ ಬಗೆಗಳು. ಮರ್ಕೇಟರ್ ಹಾಕಿದರೆ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ಮೋಲ್‌ವೈಡೆ ಹಾಕಿದರೆ ಭೂಮಿ ಮೊಟ್ಟೆಯಾಕಾರಕ್ಕೆ ಬರುತ್ತದೆ, ವಿಸ್ತೀರ್ಣ ಸರಿಹೋಗುತ್ತದೆ, ಆದರೆ ಅಂಚಿನ ದೇಶಗಳು ವಾಲಿಕೊಳ್ಳುತ್ತವೆ. 2018ರಲ್ಲಿ ಬಂದ ಈಕ್ವಲ್ ಅರ್ತ್ ಕೂಡ ವಿಸ್ತೀರ್ಣ ಕಾಯುತ್ತದೆ, ನೋಡಲೂ ಹಿತ. ರಾಬಿನ್ಸನ್ ಯಾವುದನ್ನೂ ಪೂರ್ತಿ ಕಾಯುವುದಿಲ್ಲ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೆಡಿಸಿ ಕಣ್ಣಿಗೆ ಒಪ್ಪುವ ಹಾಗೆ ಮಾಡುತ್ತದೆ.

ಇದು ಮಜವಾದ ಆಟ. ಆದರೆ ನನ್ನ ಅಭಿಪ್ರಾಯದಲ್ಲಿ ಇದರಿಂದ ಕಲಿಯುವುದು ಕಡಿಮೆ. ‘ಎಲ್ಲ ನಕ್ಷೆಗಳೂ ಸುಳ್ಳು ಹೇಳುತ್ತವೆ’ ಎಂಬ ಮಾತಿಗೆ ತಲೆಯಾಡಿಸಿ ಮುಂದೆ ಹೋಗಿಬಿಡುತ್ತೇವೆ. ಎಷ್ಟು ಸುಳ್ಳು, ಎಲ್ಲಿ ಸುಳ್ಳು ಅನ್ನುವ ಲೆಕ್ಕವೇ ಮುಖ್ಯ. ಗೋಳದ ಮೇಲ್ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ ಸಪಾಟು ಮಾಡಲು ಆಗುವುದೇ ಇಲ್ಲ ಎಂಬುದನ್ನು ಗಾಸ್ 1820ರ ದಶಕದಲ್ಲೇ ಗಣಿತದಿಂದ ತೋರಿಸಿಕೊಟ್ಟಿದ್ದ. ಹಾಗಾಗಿ ಹಿಗ್ಗುವುದು ಖಚಿತ, ಎಲ್ಲಿ ಹಿಗ್ಗಬೇಕು ಎಂಬುದಷ್ಟೇ ನಮ್ಮ ಆಯ್ಕೆ. ಮರ್ಕೇಟರ್‌ನಲ್ಲಿ ಈ ಲೆಕ್ಕ ಸುಲಭ. ಅಕ್ಷಾಂಶದ ಕೊಸೈನ್ ತೆಗೆದು 1ನ್ನು ಅದರಿಂದ ಭಾಗಿಸಿದರೆ ಉದ್ದ ಎಷ್ಟು ಪಟ್ಟು ಹಿಗ್ಗಿದೆ ಅಂತ ಸಿಗುತ್ತದೆ. ಅದರ ವರ್ಗ ತೆಗೆದರೆ ವಿಸ್ತೀರ್ಣದ್ದು. 45 ಡಿಗ್ರಿಯಲ್ಲಿ ವಿಸ್ತೀರ್ಣ 2 ಪಟ್ಟು, 60 ಡಿಗ್ರಿಯಲ್ಲಿ 4 ಪಟ್ಟು, 75 ಡಿಗ್ರಿಯಲ್ಲಿ ಸುಮಾರು 15 ಪಟ್ಟು. ಗ್ರೀನ್‌ಲ್ಯಾಂಡ್ ಇರುವುದೇ 60ರಿಂದ 83 ಡಿಗ್ರಿಯ ನಡುವೆ. ಇಷ್ಟು ತಿಳಿದ ಮೇಲೆ ಅದು ಅಷ್ಟು ಉಬ್ಬಿರುವುದರಲ್ಲಿ ಆಶ್ಚರ್ಯವೇನೂ ಉಳಿಯಲಿಲ್ಲ.

ನಿಜವಾದ ಕಲಿಕೆ ಶುರುವಾದದ್ದು ಸಾಫ್ಟ್‌ವೇರಿನ ಸಹಾಯವನ್ನು ನಿಲ್ಲಿಸಿದಾಗ. ಪ್ರಾಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ‘ನೋ ಸಿಆರ್‌ಎಸ್’ ಅಂತ ಒಂದು ಆಯ್ಕೆ ಇದೆ. ಅದನ್ನು ಟಿಕ್ ಮಾಡಿದರೆ ಕ್ಯೂಜಿಐಎಸ್ ಲೆಕ್ಕ ಹಾಕುವುದನ್ನು ಬಿಟ್ಟು, ಫೈಲಿನಲ್ಲಿರುವ ಸಂಖ್ಯೆಗಳನ್ನು ಇದ್ದ ಹಾಗೇ ಗ್ರಾಫ್ ಹಾಳೆಯ ಮೇಲೆ ಗುರುತಿಸುತ್ತದೆ. ಒಂದು ಲೇಯರ್ ಡಿಗ್ರಿಯಲ್ಲಿ ಇತ್ತು, ಇನ್ನೊಂದು ಮೀಟರಿನಲ್ಲಿ. ಅಲ್ಲಿಯವರೆಗೆ ಒಂದರ ಮೇಲೊಂದು ಕೂತಿದ್ದ ಅವೆರಡೂ ತಕ್ಷಣ ಬೇರೆಯಾದವು. ಡಿಗ್ರಿಯ ಲೇಯರ್, ಅಂದರೆ ಇಡೀ ಜಗತ್ತು, ಸೊನ್ನೆಯ ಹತ್ತಿರ ಒಂದು ಚುಕ್ಕೆಯಾಯಿತು. ಮೀಟರಿನ ಲೇಯರ್ ಲಕ್ಷಗಟ್ಟಲೆ ದೂರದಲ್ಲಿ ಎಲ್ಲೋ ಇತ್ತು. ಫೈಲಿನ ಒಳಗೆ ಇರುವುದು ಜಾಗಗಳಲ್ಲ, ಬರೀ ಸಂಖ್ಯೆಗಳು ಅನ್ನುವುದು ಆಗ ಕಣ್ಣಿಗೇ ಕಂಡಿತು. ಯಾರಾದರೂ ನನ್ನನ್ನು ಎಲ್ಲಿಂದ ಕಲಿಯಬೇಕು ಅಂತ ಕೇಳಿದರೆ ಇಲ್ಲಿಂದಲೇ ಅನ್ನುತ್ತೇನೆ.

ಈ ಪ್ರಯೋಗವಾದ ಮೇಲೆ ‘ಸೆಟ್ ಲೇಯರ್ ಸಿಆರ್‌ಎಸ್’ ಮತ್ತು ‘ರೀಪ್ರೊಜೆಕ್ಟ್ ಲೇಯರ್’ ಇವೆರಡರ ವ್ಯತ್ಯಾಸ ಹಿಡಿಯುವುದು ಕಷ್ಟವಾಗಲಿಲ್ಲ. ಮೊದಲನೆಯದು ಡಬ್ಬದ ಮೇಲಿನ ಚೀಟಿ ಬದಲಿಸುತ್ತದೆ. ಎರಡನೆಯದು ಒಳಗಿರುವುದನ್ನೇ ಬದಲಿಸಿ, ಅದಕ್ಕೆ ತಕ್ಕ ಚೀಟಿ ಅಂಟಿಸಿದ ಹೊಸ ಡಬ್ಬ ಕೊಡುತ್ತದೆ. ಬೇಕಂತಲೇ ತಪ್ಪು ಚೀಟಿ ಅಂಟಿಸಿ ನೋಡಿದೆ. ಡಿಗ್ರಿಯಲ್ಲಿರುವ ದೇಶಗಳ ಲೇಯರ್‌ಗೆ 3857 ಅಂತ ಹೆಸರು ಕೊಟ್ಟೆ. 3857 ಅಂದರೆ ಇಂಟರ್ನೆಟ್ ನಕ್ಷೆಗಳ ಮರ್ಕೇಟರ್, ಅದರ ಅಳತೆ ಮೀಟರಿನದು. ಹಾಗಾಗಿ 180 ಡಿಗ್ರಿ ಅನ್ನುವುದು 180 ಮೀಟರ್ ಆಯಿತು. ಇಡೀ ಭೂಮಿ 360 ಮೀಟರ್ ಅಗಲ, 180 ಮೀಟರ್ ಎತ್ತರದ ತುಂಡಾಗಿ ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯ ನೀರಿನಲ್ಲಿ ಹೋಗಿ ಬಿತ್ತು. ಭೂಮಧ್ಯರೇಖೆಯೂ ಸೊನ್ನೆ ರೇಖಾಂಶವೂ ಸೇರುವ ಜಾಗ ಅದು. ನಕ್ಷೆಯವರು ಅದನ್ನು ತಮಾಷೆಗೆ ‘ನಲ್ ಐಲ್ಯಾಂಡ್’ ಅನ್ನುತ್ತಾರೆ. ಅಲ್ಲಿ ದ್ವೀಪ ಯಾವುದೂ ಇಲ್ಲ. ಹವಾಮಾನ ಅಳೆಯುವ ಒಂದು ತೇಲುಬುರುಡೆ ಬಹಳ ಕಾಲ ಅಲ್ಲಿತ್ತು. ನಿಮ್ಮ ಲೇಯರ್ ಕಾಣದೆ ಹೋದಾಗ ‘ಝೂಮ್ ಟು ಲೇಯರ್’ ಒತ್ತಿ. ಅದು ಗಿನಿ ಕೊಲ್ಲಿಗೆ ಕರೆದುಕೊಂಡು ಹೋದರೆ ಚೀಟಿ ತಪ್ಪಿದೆ ಅಂತಲೇ ಅರ್ಥ.

ಶೇಪ್‌ಫೈಲ್ (ಹಲವು ಫೈಲುಗಳು ಸೇರಿದ ನಕ್ಷೆಯ ಮಾಹಿತಿ) ಕಳಿಸುವಾಗ ಪಿಆರ್‌ಜೆ ಫೈಲನ್ನು ಬಿಟ್ಟು ಬರೀ ಉಳಿದವನ್ನು ಕಳಿಸುವವರು ಬಹಳ ಜನ. ಆ ಪುಟ್ಟ ಫೈಲೇ ಈ ಚೀಟಿ. ನೋಟ್‌ಪ್ಯಾಡಿನಲ್ಲಿ ತೆರೆದರೆ ಓದಲೂಬಹುದು.

ಈಗ ಆ ಎಕ್ಸೆಲ್ ಶೀಟಿನ ವಿಷಯ. ಆರಂಕಿ, ಏಳಂಕಿಯ ಜೋಡಿ ನೋಡಿದರೆ ಯುಟಿಎಂ (ಯೂನಿವರ್ಸಲ್ ಟ್ರಾನ್ಸ್‌ವರ್ಸ್ ಮರ್ಕೇಟರ್) ಇರಬೇಕು ಅಂತ ಊಹಿಸಬಹುದು. ಈ ಪದ್ಧತಿ ನನಗೆ ತುಂಬಾ ಹಿಡಿಸಿತು. 80 ಡಿಗ್ರಿ ದಕ್ಷಿಣದಿಂದ 84 ಡಿಗ್ರಿ ಉತ್ತರದವರೆಗಿನ ಭೂಮಿಯನ್ನು ತಲಾ 6 ಡಿಗ್ರಿ ಅಗಲದ 60 ಪಟ್ಟಿಗಳಾಗಿ ಸೀಳುತ್ತಾರೆ. ಪ್ರತಿ ಪಟ್ಟಿಗೂ ನಡುವೆ ಒಂದು ರೇಖಾಂಶ. ಮಾಮೂಲಿ ಮರ್ಕೇಟರ್ ಭೂಮಧ್ಯರೇಖೆಯ ಹತ್ತಿರ ಚೆನ್ನಾಗಿರುತ್ತದೆ, ಧ್ರುವದ ಕಡೆ ಕೆಡುತ್ತದೆ. ಅದನ್ನೇ ಅಡ್ಡ ತಿರುಗಿಸಿ ಆ ನಡುಗೆರೆಯ ಮೇಲೆ ಕೂರಿಸಿದರೆ, ಗೆರೆಯ ಉದ್ದಕ್ಕೂ ಚೆನ್ನಾಗಿರುತ್ತದೆ, ಅಕ್ಕಪಕ್ಕ ದೂರ ಹೋದಂತೆ ಕೆಡುತ್ತದೆ. ಪಟ್ಟಿ ಕಿರಿದಾಗಿದ್ದರೆ ಕೆಡುವುದಕ್ಕೆ ಜಾಗವೇ ಇರುವುದಿಲ್ಲ, ಅಲ್ವಾ? ಹೀಗೆ ಅಡ್ಡ ತಿರುಗಿಸುವ ಉಪಾಯ ಲ್ಯಾಂಬರ್ಟ್‌ನದು, 1772ರದ್ದು.

ಇದರಲ್ಲಿ ಎರಡು ವಿಚಿತ್ರ ಸಂಖ್ಯೆಗಳಿವೆ. ಒಂದು 5,00,000. ನಡುಗೆರೆಗೆ ಸೊನ್ನೆ ಕೊಡುವ ಬದಲು ಐದು ಲಕ್ಷ ಮೀಟರ್ ಅಂತ ಕೊಡುತ್ತಾರೆ. ಇದರಿಂದ ಎಡಗಡೆಯ ಬಿಂದುಗಳಿಗೆ ಮೈನಸ್ ಸಂಖ್ಯೆ ಬರುವುದಿಲ್ಲ, ಅಷ್ಟೇ. ದಕ್ಷಿಣಾರ್ಧದಲ್ಲಿ ಭೂಮಧ್ಯರೇಖೆಗೆ ಒಂದು ಕೋಟಿ ಕೊಡುವುದೂ ಅದೇ ಕಾರಣಕ್ಕೆ. ಇನ್ನೊಂದು ಸಂಖ್ಯೆ 0.9996. ನಡುಗೆರೆಯ ಮೇಲೆ ನಕ್ಷೆಯನ್ನು ಬೇಕಂತಲೇ ಅಷ್ಟು ಪ್ರಮಾಣಕ್ಕೆ ಕುಗ್ಗಿಸಿರುತ್ತಾರೆ. ನಡುವೆ ಸ್ವಲ್ಪ ಕಡಿಮೆ, ಅಂಚಿನಲ್ಲಿ ಸ್ವಲ್ಪ ಜಾಸ್ತಿ, ಎರಡೂ ಕಡೆ ಸುಮಾರು 180 ಕಿಲೋಮೀಟರ್ ದೂರದಲ್ಲಿ ಸರಿಸಮ. ಹೀಗೆ ತಪ್ಪನ್ನು ಹಂಚಿಬಿಟ್ಟರೆ ಪಟ್ಟಿಯ ಒಳಗೆ ಯಾವ ಕಡೆಯೂ ಅದು ದೊಡ್ಡದಾಗುವುದಿಲ್ಲ. ಪೂರ್ತಿ ನಿಖರವಾದ ಒಂದೇ ಗೆರೆಗಿಂತ ಎಲ್ಲ ಕಡೆ ಸಾಕಷ್ಟು ನಿಖರವಾದ ಪಟ್ಟಿ ಮೇಲು ಅನ್ನುವ ಈ ಯೋಚನೆ ಸರ್ವೆ ಮಾಡುವವರಿಗೇ ಹೊಳೆಯುವಂಥದ್ದು.

ತೊಂದರೆ ಇಷ್ಟೇ. ಒಂದೇ ಜೋಡಿ ಸಂಖ್ಯೆಗಳು 60 ಪಟ್ಟಿಗಳಲ್ಲೂ ಇರುತ್ತವೆ. ಒಂದು ಬಿಂದುವಿಗೆ 32631 ಅಂತ ಕೊಟ್ಟೆ. ಅದು 31ನೇ ಪಟ್ಟಿಯ ಉತ್ತರಾರ್ಧ. ಅದೇ ಸಂಖ್ಯೆಗಳಿಗೆ 32632 ಕೊಟ್ಟೆ. ಬಿಂದು ಸರಿಯಾಗಿ 6 ಡಿಗ್ರಿ ಪೂರ್ವಕ್ಕೆ ಜಿಗಿಯಿತು. 32731 ಕೊಟ್ಟರೆ ದಕ್ಷಿಣಾರ್ಧಕ್ಕೇ ಹೋಯಿತು. ಶೀಟ್ ಕಳಿಸಿದವರಿಗೆ ಫೋನ್ ಮಾಡಿ ಪಟ್ಟಿ ಯಾವುದು, ಉತ್ತರವೋ ದಕ್ಷಿಣವೋ, ಡೇಟಮ್ (ಭೂಮಿಯ ಆಕಾರ ಎಂಥದ್ದು, ಕೇಂದ್ರ ಎಲ್ಲಿ ಅಂತ ಇಟ್ಟುಕೊಂಡ ಆಧಾರ) ಯಾವುದು ಅಂತ ಮೂರೇ ಪ್ರಶ್ನೆ ಕೇಳಿದೆ. ಮೊದಲೆರಡಕ್ಕೆ ಉತ್ತರ ಸಿಕ್ಕಿತು. ಮೂರನೆಯದಕ್ಕೆ ‘ಜಿಪಿಎಸ್‌ನಲ್ಲಿ ಏನಿತ್ತೋ ಅದೇ’ ಅಂದರು. ಆ ಮಟ್ಟಿಗೆ ಅದೂ ಉತ್ತರವೇ. ಜಿಪಿಎಸ್‌ನ ಡೇಟಮ್ ಡಬ್ಲ್ಯೂಜಿಎಸ್ 84.

ನನ್ನ ಮಟ್ಟಿಗೆ ಇಡೀ ವಿಷಯದ ಹೂರಣ ಇರುವುದು ಡೇಟಮ್‌ನಲ್ಲಿ. ಪ್ರೊಜೆಕ್ಷನ್ ತಪ್ಪಿದರೆ ಕಣ್ಣಿಗೆ ಕಾಣುತ್ತದೆ, ಬಿಂದು ಸಮುದ್ರಕ್ಕೆ ಹೋಗಿ ಬೀಳುತ್ತದೆ. ಡೇಟಮ್ ತಪ್ಪಿದರೆ ನೂರಿನ್ನೂರು ಮೀಟರ್ ಆಚೀಚೆ ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಭೂಮಿ ಗುಂಡಗಿಲ್ಲ, ಧ್ರುವಗಳಲ್ಲಿ ಚಪ್ಪಟೆ. ಡಬ್ಲ್ಯೂಜಿಎಸ್ 84ರ ಲೆಕ್ಕದಲ್ಲಿ ಭೂಮಧ್ಯರೇಖೆಯ ಬಳಿ ತ್ರಿಜ್ಯ 63,78,137 ಮೀಟರ್. ಧ್ರುವದ ಕಡೆ ಅದಕ್ಕಿಂತ ಸುಮಾರು 21 ಕಿಲೋಮೀಟರ್ ಕಡಿಮೆ. ಆದರೆ ಉಪಗ್ರಹಗಳು ಬರುವ ಮೊದಲು ಒಬ್ಬೊಬ್ಬರು ತಮ್ಮ ತಮ್ಮ ನೆಲಕ್ಕೆ ಚೆನ್ನಾಗಿ ಹೊಂದುವ ಒಂದೊಂದು ಅಂಡಾಕಾರವನ್ನು ಆರಿಸಿಕೊಂಡಿದ್ದರು. ಬ್ರಿಟನ್‌ಗೆ ಏರಿ ಅವರ 1830ರ ಆಕಾರ. ಉತ್ತರ ಅಮೆರಿಕಕ್ಕೆ ಕ್ಲಾರ್ಕ್ ಅವರ 1866ರದ್ದು. ಭಾರತ ಉಪಖಂಡಕ್ಕೆ ಜಾರ್ಜ್ ಎವರೆಸ್ಟ್ ಅವರ 1830ರದ್ದು. ಎವರೆಸ್ಟ್ ಆಕಾರದ ತ್ರಿಜ್ಯ ಡಬ್ಲ್ಯೂಜಿಎಸ್ 84ಕ್ಕಿಂತ ಸುಮಾರು 860 ಮೀಟರ್ ಚಿಕ್ಕದು. ಅದರ ಕೇಂದ್ರವೂ ಭೂಮಿಯ ನಿಜವಾದ ಕೇಂದ್ರದಲ್ಲಿ ಕೂರುವುದಿಲ್ಲ. ಹಾಗಾಗಿ ಒಂದೇ ಬಂಡೆಗೆ ಎರಡು ಡೇಟಮ್‌ಗಳಲ್ಲಿ ಎರಡು ಬೇರೆ ಅಕ್ಷಾಂಶ, ರೇಖಾಂಶ ಇರುತ್ತವೆ. ಎರಡೂ ಸರಿಯೇ!

ಗ್ರೀನಿಚ್‌ನಲ್ಲಿ ಇದನ್ನು ಕಾಲಿನಲ್ಲೇ ಅಳೆಯಬಹುದಂತೆ. ಹಳೆಯ ವೀಕ್ಷಣಾಲಯದಲ್ಲಿ ನೆಲಕ್ಕೆ ಪಟ್ಟಿ ಹಾಕಿ ಗುರುತಿಸಿದ ಸೊನ್ನೆ ರೇಖೆ ಇದೆ. ಅದರ ಮೇಲೆ ನಿಂತು ಜಿಪಿಎಸ್ ನೋಡಿದರೆ ಸೊನ್ನೆ ತೋರಿಸುವುದಿಲ್ಲ. ಸುಮಾರು 102 ಮೀಟರ್ ಪೂರ್ವಕ್ಕೆ ನಡೆದು ಪಾರ್ಕಿನೊಳಗೆ ಹೋಗಬೇಕು. ನಾನು ಅಲ್ಲಿಗೆ ಹೋಗಿಲ್ಲ. ಕ್ಯೂಜಿಐಎಸ್‌ನಲ್ಲಿ ಉಪಗ್ರಹ ಚಿತ್ರದ ಮೇಲೆ ಸೊನ್ನೆ ರೇಖಾಂಶದ ಗೆರೆ ಎಳೆದು ನೋಡಿದೆ. ಕಟ್ಟಡ ಪಶ್ಚಿಮಕ್ಕೆ ಉಳಿದುಕೊಂಡಿತ್ತು.

ಹಳೆಯ ಡೇಟಮ್‌ನ ಲೇಯರ್ ಒಂದನ್ನು ಪರಿವರ್ತಿಸಲು ಹೋದಾಗ ಸಾಫ್ಟ್‌ವೇರ್ ಆಯ್ಕೆಗಳ ಒಂದು ಪಟ್ಟಿ ಮುಂದಿಡುತ್ತದೆ. ಈ ದಾರಿಯಲ್ಲಿ ಹೋದರೆ ಇಷ್ಟು ಮೀಟರ್ ನಿಖರ, ಆ ದಾರಿಯಲ್ಲಿ ಅಷ್ಟು ಮೀಟರ್ ಅಂತ. ಯಾವ ಪ್ರದೇಶಕ್ಕೆ ಯಾವುದು ಅಂತಲೂ ಬರೆದಿರುತ್ತದೆ. ಮೊದಲೆಲ್ಲ ಇಂಥ ಪೆಟ್ಟಿಗೆ ಬಂದರೆ ಸುಮ್ನೆ ಓಕೆ ಒತ್ತುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ಇದನ್ನು ಮಾತ್ರ ಓದಲೇಬೇಕು. ಕೆಲವು ದಾರಿಗಳಿಗೆ ಗ್ರಿಡ್ ಫೈಲ್ (ಜಾಗ ಜಾಗಕ್ಕೆ ತಿದ್ದುಪಡಿ ಬರೆದಿಟ್ಟ ಕೋಷ್ಟಕ) ಬೇಕು, ಅದನ್ನು ಇಳಿಸಿಕೊಳ್ಳದಿದ್ದರೆ ಆ ಸಾಲು ಕೆಲಸಕ್ಕೆ ಬರುವುದಿಲ್ಲ. ಡಬ್ಲ್ಯೂಜಿಎಸ್ 84 ಕೂಡ ಕಲ್ಲಿನಲ್ಲಿ ಕೊರೆದದ್ದಲ್ಲ. ಅದನ್ನು ಹಲವು ಸಲ ಪರಿಷ್ಕರಿಸಿದ್ದಾರೆ. ಹಾಗಾಗಿ 4326 ಆರಿಸಿದರೆ ಹೊಸ ಕ್ಯೂಜಿಐಎಸ್ ‘ಇದರ ನಿಖರತೆ ಹೆಚ್ಚೆಂದರೆ 2 ಮೀಟರ್’ ಅಂತ ಎಚ್ಚರಿಸುತ್ತದೆ. ಅದರ ಮೇಲೆ ನೆಲವೂ ಸರಿಯುತ್ತದೆ. ಆಸ್ಟ್ರೇಲಿಯಾ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಉತ್ತರದ ಕಡೆ ಹೋಗುತ್ತಿದೆ. ಅವರ 1994ರ ಡೇಟಮ್‌ಗೂ 2020ರದ್ದಕ್ಕೂ ಸುಮಾರು 1.8 ಮೀಟರ್ ವ್ಯತ್ಯಾಸ. ಫೋನಿನ ಜಿಪಿಎಸ್‌ಗೆ ಇದು ಲೆಕ್ಕಕ್ಕಿಲ್ಲ. ರಸ್ತೆಯ ಲೇನ್ ಗುರುತಿಸುವವರಿಗೆ ಇದು ಅರ್ಧ ಲೇನ್.

ಅಕ್ಷಾಂಶ ಮೊದಲೋ ರೇಖಾಂಶ ಮೊದಲೋ ಎಂಬ ಜಗಳವನ್ನೂ ಹೇಳಿಬಿಡುತ್ತೇನೆ. ಇಪಿಎಸ್‌ಜಿ ದಾಖಲೆಯಲ್ಲಿ 4326ಕ್ಕೆ ಅಕ್ಷಾಂಶ ಮೊದಲು. ಜಿಯೋಜೇಸನ್ ಎಂಬ ಫೈಲ್ ಮಾದರಿಯ ನಿಯಮದಲ್ಲಿ ರೇಖಾಂಶ ಮೊದಲು. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕ) ಹಾಕುವಾಗ ಎಕ್ಸ್ ಜಾಗಕ್ಕೆ ರೇಖಾಂಶ ಕೊಡಬೇಕು. ಒಂದು ಕಾಲಂನಲ್ಲಿ 90ಕ್ಕಿಂತ ಜಾಸ್ತಿ ಸಂಖ್ಯೆ ಇದ್ದರೆ ಅದು ಅಕ್ಷಾಂಶ ಆಗಲು ಸಾಧ್ಯವಿಲ್ಲ. ಇಷ್ಟು ನೆನಪಿಟ್ಟರೆ ಸಾಕು.

ಅಳತೆಯ ಪ್ರಯೋಗಕ್ಕೆ ಜಾಸ್ತಿ ಹೊತ್ತು ಕೊಟ್ಟೆ, ಅದರಿಂದ ಜಾಸ್ತಿ ಸಿಕ್ಕಿತು ಕೂಡ. 60 ಡಿಗ್ರಿ ಉತ್ತರದಲ್ಲಿ, ಯುಟಿಎಂ ನಡುಗೆರೆಯ ಹತ್ತಿರ, 1 ಕಿಲೋಮೀಟರ್ ಬದಿಯ ಒಂದು ಚೌಕ ಬಿಡಿಸಿದೆ. ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ವಿಸ್ತೀರ್ಣ ಕೇಳಲು ಎರಡು ದಾರಿ ಇವೆ. ಡಾಲರ್ ಗುರುತು ಇರುವ ‘ಏರಿಯಾ’ ಪ್ರಾಜೆಕ್ಟಿಗೆ ಕೊಟ್ಟಿರುವ ಅಂಡಾಕಾರದ ಮೇಲೆ ಲೆಕ್ಕ ಹಾಕುತ್ತದೆ. ಜ್ಯಾಮಿತಿಯನ್ನು ಬ್ರಾಕೆಟ್ಟಿನಲ್ಲಿ ಕೊಡುವ ‘ಏರಿಯಾ’ ಸಪಾಟು ಹಾಳೆಯ ಲೆಕ್ಕ ಕೊಡುತ್ತದೆ. ಸಪಾಟು ಲೆಕ್ಕದಲ್ಲಿ ಉತ್ತರ ಹತ್ತು ಲಕ್ಷ ಚದರ ಮೀಟರ್, ಸರಿಯಾಗಿ. ಅಂಡಾಕಾರದ ಲೆಕ್ಕದಲ್ಲಿ ಸುಮಾರು 10,00,800. ಆ ಎಂಟುನೂರು ಎಲ್ಲಿಂದ ಬಂತು? 0.9996ರ ವರ್ಗ ತೆಗೆದು ಭಾಗಿಸಿ ನೋಡಿ, ಅದೇ. ನಕ್ಷೆಯನ್ನು ಕುಗ್ಗಿಸಿದ್ದರಿಂದ ಹಾಳೆಯ ಮೇಲಿನ ಒಂದು ಕಿಲೋಮೀಟರ್ ನೆಲದ ಮೇಲೆ ಸ್ವಲ್ಪ ಜಾಸ್ತಿ. ಪುಸ್ತಕದ ಸಂಖ್ಯೆ ನನ್ನ ಚೌಕದೊಳಗೆ ಬಂದು ಕೂತದ್ದು ನೋಡಿ ಬಹಳ ಖುಷಿಯಾಯಿತು.

ಅದೇ ಚೌಕವನ್ನು 3857ಕ್ಕೆ ರೀಪ್ರೊಜೆಕ್ಟ್ ಮಾಡಿ ಮತ್ತೆ ಕೇಳಿದೆ. ಅಂಡಾಕಾರದ ಉತ್ತರ ಬದಲಾಗಲಿಲ್ಲ. ಸಪಾಟು ಉತ್ತರ ಹತ್ತಿರ ಹತ್ತಿರ ನಲವತ್ತು ಲಕ್ಷಕ್ಕೆ ಹೋಯಿತು. ಯಾರಾದರೂ ಈ ಸಂಖ್ಯೆಯನ್ನು ವರದಿಗೆ ಹಾಕಿದರೆ ಒಂದು ಜಮೀನು ನಾಲ್ಕಾಗುತ್ತದೆ.

ಹಾಗಂತ 3857ನ್ನು ಬೈಯುವುದು ನನಗೆ ಇಷ್ಟವಿಲ್ಲ. ಅದು ಇರುವುದು ಇಂಟರ್ನೆಟ್ ನಕ್ಷೆಗಳಿಗೆ. 85.05 ಡಿಗ್ರಿಗೆ ಕತ್ತರಿಸಿದರೆ ಇಡೀ ಭೂಮಿ ಒಂದು ಚೌಕವಾಗುತ್ತದೆ. ಚೌಕವನ್ನು ನಾಲ್ಕು, ಹದಿನಾರು, ಅರವತ್ತನಾಲ್ಕು ತುಂಡು ಮಾಡುತ್ತಾ ಹೋಗಬಹುದು. ಎಲ್ಲಿ ಝೂಮ್ ಮಾಡಿದರೂ ರಸ್ತೆಗಳ ಮೂಲೆಗಳು ಸರಿಯಾದ ಕೋನದಲ್ಲೇ ಕಾಣುತ್ತವೆ. ಆ ಕೆಲಸಕ್ಕೆ ಇದಕ್ಕಿಂತ ಅನುಕೂಲವಾದದ್ದು ಬೇರೆ ಇಲ್ಲ. ಅಧಿಕೃತ ಸಂಖ್ಯೆ ಸಿಗುವ ಮೊದಲು ಇದನ್ನು 900913 ಅಂತ ಕರೆಯುತ್ತಿದ್ದರು. ಆ ಅಂಕಿಗಳನ್ನು ಇಂಗ್ಲಿಷ್ ಅಕ್ಷರಗಳ ಹಾಗೆ ಓದಿದರೆ ‘ಗೂಗಲ್’ ಅಂತ ಕಾಣುತ್ತದೆ. ಹಿಂದೆ ಹಾಸುವ ನಕ್ಷೆಗೆ ಇದು ಇರಲಿ. ಅಳತೆಗೆ ಬೇಡ.

4326 ಇನ್ನೊಂದು ತರಹ ಕಾಡುತ್ತದೆ. ಬಿಂದುವಿನ ಸುತ್ತ ಬಫರ್, ಅಂದರೆ ಇಷ್ಟು ದೂರದವರೆಗಿನ ವಲಯ, ಹಾಕಲು ಹೋದರೆ ದೂರವನ್ನು ಡಿಗ್ರಿಯಲ್ಲಿ ಕೇಳುತ್ತದೆ. ಡಿಗ್ರಿ ಅನ್ನುವುದು ಉದ್ದವಲ್ಲ. ಒಂದು ಡಿಗ್ರಿ ರೇಖಾಂಶ ಭೂಮಧ್ಯರೇಖೆಯಲ್ಲಿ ಸುಮಾರು 111 ಕಿಲೋಮೀಟರ್, 60 ಡಿಗ್ರಿ ಅಕ್ಷಾಂಶದಲ್ಲಿ 56, ಧ್ರುವದಲ್ಲಿ ಸೊನ್ನೆ. ಅಲ್ಲಿ ಹಾಕಿದ ಬಫರ್ ಪರದೆಯ ಮೇಲೆ ವೃತ್ತದ ಹಾಗೇ ಕಾಣುತ್ತದೆ. ನೆಲದ ಮೇಲೆ ಅದು ಉದ್ದುದ್ದದ ಮೊಟ್ಟೆ.

ನನ್ನದೇ ಪ್ರೊಜೆಕ್ಷನ್ ಮಾಡಿಕೊಳ್ಳಬಹುದು ಅಂತ ಗೊತ್ತಾದದ್ದು ಕೊನೆಯ ಹಂತದಲ್ಲಿ. ಸೆಟ್ಟಿಂಗ್ಸ್‌ನ ಕಸ್ಟಮ್ ಪ್ರೊಜೆಕ್ಷನ್ ಜಾಗದಲ್ಲಿ ಒಂದೇ ಸಾಲು ಬರೆದರಾಯಿತು. ಪ್ರೊಜೆಕ್ಷನ್ನಿನ ಹೆಸರು, ನಡುಬಿಂದುವಿನ ಅಕ್ಷಾಂಶ, ರೇಖಾಂಶ, ಡೇಟಮ್. ಅಜಿಮುಥಲ್ ಈಕ್ವಿಡಿಸ್ಟೆಂಟ್ ಆರಿಸಿ ಬೇಕಾದ ಬಿಂದುವನ್ನು ನಡುವೆ ಇಟ್ಟರೆ, ಅಲ್ಲಿಂದ ಯಾವ ದಿಕ್ಕಿಗೆ ಅಳೆದರೂ ದೂರ ಸರಿಯಾಗಿರುತ್ತದೆ. ನಡುವಿನಿಂದ ಹೊರಟ ನೇರ ಗೆರೆಯೇ ಅತಿ ಹತ್ತಿರದ ದಾರಿ. ಬೇರೆ ಎರಡು ಊರುಗಳ ನಡುವೆ ಮಾತ್ರ ಈ ಮಾತು ನಿಲ್ಲುವುದಿಲ್ಲ. ಬಫರ್‌ನ ತೊಂದರೆಗೂ ಇದೇ ಪರಿಹಾರ. ಒಂದು ದೊಡ್ಡ ಪ್ರದೇಶದ ವಿಸ್ತೀರ್ಣ ಹೋಲಿಸಬೇಕಾದರೆ ಲ್ಯಾಂಬರ್ಟ್‌ನ ಈಕ್ವಲ್ ಏರಿಯಾ ತೆಗೆದುಕೊಂಡು ಆ ಪ್ರದೇಶದ ನಡುವೆ ಕೂರಿಸುತ್ತೇನೆ. ಅದೂ 1772ರ ಬರಹದ್ದೇ. ಎರಡು ಯುಟಿಎಂ ಪಟ್ಟಿಗಳ ಗಡಿಯ ಮೇಲೆ ಕೆಲಸ ಬಿದ್ದಾಗಲೂ ಈ ದಾರಿಯೇ ವಾಸಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ರೀಪ್ರೊಜೆಕ್ಟ್ ಮಾಡುವಾಗ ಸಾಫ್ಟ್‌ವೇರ್ ಲೆಕ್ಕ ಹಾಕುವುದು ಗೆರೆಯ ಮೂಲೆಬಿಂದುಗಳಿಗೆ ಮಾತ್ರ. ನಡುವಿನ ಗೆರೆಯನ್ನು ನೇರವಾಗಿ ಎಳೆದುಬಿಡುತ್ತದೆ. 60 ಡಿಗ್ರಿ ಅಕ್ಷಾಂಶದ ಗೆರೆಯನ್ನು ಎರಡೇ ಬಿಂದುಗಳಿಂದ ಬಿಡಿಸಿ ಧ್ರುವದ ನಕ್ಷೆಗೆ ಹಾಕಿ ನೋಡಿ. ಬಾಗಬೇಕಾದ ಗೆರೆ ಬಾಗುವುದಿಲ್ಲ, ವೃತ್ತವನ್ನು ಅಡ್ಡ ಕತ್ತರಿಸಿಕೊಂಡು ಹೋಗುತ್ತದೆ. ಮೊದಲು ‘ಡೆನ್ಸಿಫೈ’ ಮಾಡಿ ನಡುವೆ ಬಿಂದುಗಳನ್ನು ತುಂಬಿಸಿದರೆ ಸರಿಹೋಗುತ್ತದೆ. ಉದ್ದನೆಯ ನೇರ ಗಡಿಗಳಿರುವ ಕಡೆ ಇದು ವಿಸ್ತೀರ್ಣವನ್ನೂ ಬದಲಿಸುತ್ತದೆ.

ಈಗ ಎತ್ತರದ ಲೆಕ್ಕಕ್ಕೆ ಕೈ ಹಾಕಿದ್ದೇನೆ. ಅಲ್ಲೂ ಡೇಟಮ್ ಇದೆ. ಜಿಪಿಎಸ್ ಮೂಲದಲ್ಲಿ ಅಳೆಯುವುದು ಅಂಡಾಕಾರದ ಮೇಲ್ಮೈಯಿಂದ. ನಮಗೆ ಬೇಕಾದದ್ದು ಸಮುದ್ರಮಟ್ಟದಿಂದ. ಭೂಮಿಯ ಗುರುತ್ವ ಎಲ್ಲ ಕಡೆ ಒಂದೇ ಸಮ ಇಲ್ಲದ್ದರಿಂದ ಸಮುದ್ರಮಟ್ಟ ಆ ಆಕಾರಕ್ಕಿಂತ ಕೆಲವು ಕಡೆ 80 ಮೀಟರಿಗೂ ಮೇಲಿದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ 100 ಮೀಟರಿಗೂ ಕೆಳಗಿದೆ. ಈ ವ್ಯತ್ಯಾಸವನ್ನು ಒಂದು ಸೂತ್ರದಲ್ಲಿ ಹಿಡಿಯಲು ಆಗುವುದಿಲ್ಲ. ಇಜಿಎಂ 96, ಇಜಿಎಂ 2008 ಎಂಬ ಮಾದರಿಗಳ ಗ್ರಿಡ್ ಫೈಲ್ ಇಳಿಸಿಕೊಂಡು, ಬಿಂದುವಿಗೆ ತಕ್ಕ ಸಂಖ್ಯೆಯನ್ನು ಅದರಿಂದ ತೆಗೆದು ಕಳೆಯಬೇಕು. ನನ್ನ ಕೈಗೆ ಬರುವ ಎತ್ತರದ ಫೈಲುಗಳಲ್ಲಿ ಯಾವ ಮಾದರಿ ಬಳಸಿದ್ದಾರೆ ಅಂತ ಬರೆದಿರುವುದು ಅಪರೂಪ. ಹಾಗಾಗಿ ಮೂರು ಪ್ರಶ್ನೆಗಳ ಜೊತೆಗೆ ಈಗ ನಾಲ್ಕನೆಯದನ್ನೂ ಕೇಳುತ್ತಿದ್ದೇನೆ.